ಕರಾಚಿಯಿಂದ ಒಂಬತ್ತು ತಾಸು

ನನ್ನ ಮುಂದಿನ ಎರಡು ಹಲ್ಲು ಹೋದದ್ದು ವಿಮಾನದಿಂದ. ವಿಮಾನ ಬಂದು ಬಡಿದು ಹೋದವಲ್ಲ, ಬರಲಿಲ್ಲವೆಂದು ಹೋದವು. ಬರುತ್ತದೆ ಎಂದು ಹೇಳಿದವನು ನಾನು. ಬರುವುದಿಲ್ಲ ಎಂದು ಗೊತ್ತಾದ ಮೇಲೂ ಬರುತ್ತದೆ ಎಂದವನು ನಾನೇ. ಕಡೆಗೆ, ಅದೋ ಬಂತು ಎಂದು ಒಂದು ಊರಿನ ಕತ್ತನ್ನೆಲ್ಲ ಆಕಾಶಕ್ಕೆ ಎತ್ತಿಸಿದವನೂ ನಾನೇ. ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ದಿನ ಏಳು ತಲೆ ಒಡೆದವು. ಒಬ್ಬನ ಮೊಣಕೈ ಇವತ್ತಿಗೂ ನೆಟ್ಟಗಾಗಿಲ್ಲ. ಓದುವವರು ಯಾರನ್ನು ಬೈಯಬೇಕೆಂದು ಹುಡುಕುತ್ತ ಕೂಡುವುದು ಬೇಡ.

ಆಗ ನನಗೆ ಹತ್ತೊಂಬತ್ತು. ಆದೋನಿಯಲ್ಲಿ ಓದು ಮುಗಿಸಿ, ಕೋಸಗಿಯಿಂದ ಎರಡು ಹರದಾರಿ ಒಳಗಿರುವ ನಮ್ಮೂರಿಗೆ ವಾಪಸಾಗಿ, ಊರಿನ ಲೆಕ್ಕ ಬರೆಯುವ ಕರಣಂ ಆಗಿದ್ದ ಅಪ್ಪನ ದಫ್ತರದ ಗಂಟು ಹೊರುತ್ತಿದ್ದೆ. ಅದು ಕೇಳಿದವರಿಗೆ ಹೇಳುವ ಕೆಲಸ. ನನ್ನ ನಿಜವಾದ ಕೆಲಸ ನಕಲು ಮಾಡುವುದು. ಕೋಸಗಿಯ ಪೋಸ್ಟ್ ಮಾಸ್ತರು ಪ್ರತಿ ಮಾತಿಗೂ ಮುಂಚೆ ಕನ್ನಡಕ ತೆಗೆದು ಅದರ ಮೇಲೆ ಹಾ ಎಂದು ಉಸಿರು ಬಿಡುವುದು, ಮಂತ್ರಾಲಯದಿಂದ ಬರುವ ನಮ್ಮ ಸೋದರಮಾವ ಊಟಕ್ಕೆ ಮುಂಚೆ ಒಂದು ಧ್ವನಿಯಲ್ಲಿ, ಊಟ ಆದ ಮೇಲೆ ಇನ್ನೊಂದು ಧ್ವನಿಯಲ್ಲಿ ವೈರಾಗ್ಯ ಹೇಳುವುದು, ಅಪ್ಪ ತಹಸೀಲ್ದಾರರ ಮುಂದೆ ಮೂರು ಅಂಗುಲ ಗಿಡ್ಡ ಆಗುವುದು, ಎಲ್ಲ ಮಾಡುತ್ತಿದ್ದೆ. ಅಪ್ಪನ ಮುಂದೆ ನಿಂತಾಗ ನನ್ನ ಧ್ವನಿ ಮೇಕೆಮರಿಯದಾಗುತ್ತದೆ. ಅದನ್ನೂ ಮಾಡಿ ತೋರಿಸುತ್ತಿದ್ದೆ. ಜನ ನಕ್ಕರೆ ಸಾಕು, ನನ್ನ ಚರ್ಮವನ್ನೇ ಸುಲಿದು ಕೊಡುವ ಹುಚ್ಚು.

ಆ ಎಲ್ಲ ನಕಲುಗಳಿಗೂ ರಾಜ, ವಿಮಾನ. ಹಿಂದಿನ ವರ್ಷ ಅಪ್ಪನ ಕಚೇರಿ ಕೆಲಸಕ್ಕೆಂದು ಬಳ್ಳಾರಿಗೆ ಹೋದಾಗ ಟಪಾಲು ವಿಮಾನ ನೋಡಿದ್ದೆ. ಕರಾಚಿಯಿಂದ ಮುಂಬಯಿ, ಅಲ್ಲಿಂದ ಬಳ್ಳಾರಿ, ಬಳ್ಳಾರಿಯಿಂದ ಮದರಾಸು, ಅದರ ದಾರಿ. ಊರ ಹೊರಗಿನ ಬಯಲಿಗೆ ಇಳಿದಾಗ ಅದು ನಮ್ಮ ಮನೆಯ ಪಡಸಾಲೆಗಿಂತ ದೊಡ್ಡದೇನೂ ಇರಲಿಲ್ಲ. ಒಬ್ಬನೇ ಮನುಷ್ಯ, ಹಿಂದೆ ಕಾಗದದ ಚೀಲಗಳು. ಅವನಿಳಿದ, ಡಬ್ಬಿಗಳಿಂದ ಅದರ ಹೊಟ್ಟೆಗೆ ಎಣ್ಣೆ ಹುಯ್ಯಿಸಿದ, ಮೈ ಮುರಿದ, ಮುಂದಿನ ಹಾರಾಟ ನಾಳೆ ಎಂದು ಮಲಗಲು ಹೋದ. ಇದೆಲ್ಲ ನನ್ನ ಕಣ್ಣಾರೆ ಕಂಡದ್ದು. ಆದರೆ ನಕಲಿಗೆ ಬೇಕಾದದ್ದು ಸದ್ದು ಮಾತ್ರ. ಎರಡೂ ಅಂಗೈ ಬಾಯಿಗೆ ಮುಚ್ಚಿ, ಮೊದಲು ಮೂಗಿನಲ್ಲಿ ಜೇನುಹುಳ, ಆಮೇಲೆ ಗಂಟಲಲ್ಲಿ ಗಿರಣಿ, ಕಡೆಗೆ ತುಟಿ ನಡುಗಿಸಿದರೆ ಬಳ್ಳಾರಿಯ ಬಯಲೇ ಕಣ್ಣ ಮುಂದೆ. ಎಣ್ಣೆ ಹುಯ್ದದ್ದು, ಮಲಗಿದ್ದು, ಇವೆಲ್ಲ ಹೇಳಿದರೆ ಮಜಾ ಕೆಡುತ್ತದೆ ಎಂದು ಬಿಟ್ಟುಬಿಡುತ್ತಿದ್ದೆ.

ಇದನ್ನು ನೂರು ಸಲ ಮಾಡಿಸಿದವನು ನಮ್ಮೂರ ಕುರುಬರ ಯಜಮಾನ. ಮುದುಕನ ಹಟ್ಟಿಯಲ್ಲಿ ಮುನ್ನೂರರ ಮೇಲೆ ಕುರಿ. ಇಬ್ಬರು ಮಕ್ಕಳು. ಹಿರಿಯವನು ಪಲ್ಟಣಿಗೆ ಸೇರಿ ಕರಾಚಿಯಲ್ಲಿ ಹೇಸರಗತ್ತೆ ನೋಡಿಕೊಂಡಿದ್ದ. ಕಿರಿಯವನು ಮನೆಯಲ್ಲಿದ್ದು ಕುರಿ ಕಾಯುತ್ತಿದ್ದ. ಕರಾಚಿ ಎಷ್ಟು ದೂರ ಎಂದು ಮುದುಕ ಕೇಳಿದ್ದಕ್ಕೆ ನಾನು ಶಾಲೆಯ ಅಟ್ಲಾಸು ತಂದು, ಕಂಬಳಿಯ ಎಳೆಯೊಂದನ್ನು ಕಿತ್ತು ಕರಾಚಿಯ ಚುಕ್ಕಿಯಿಂದ ಬಳ್ಳಾರಿಯ ಚುಕ್ಕಿಗೆ ಎಳೆದು ಅಳೆದೆ. ಒಂಬೈನೂರ ಮೇಲೆ ಸ್ವಲ್ಪ ಮೈಲಿ. ವಿಮಾನಕ್ಕೆ ತಾಸಿಗೆ ನೂರು ಮೈಲಿ. ರೈಲಿನಲ್ಲಿ ಗಾಡಿ ಬದಲಿಸುತ್ತ ನಾಲ್ಕು ಹಗಲು ನಾಲ್ಕು ರಾತ್ರಿ ಹಿಡಿಯುವ ದಾರಿ, ವಿಮಾನಕ್ಕೆ ಒಂಬತ್ತು ತಾಸು ಎಂದೆ. ಹಟ್ಟಿಯ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಮುದುಕ ಮಾತ್ರ ಹಿಡಿಯಲಿಲ್ಲ. ಆ ಮನೆಯವರು ದೂರವನ್ನು ಅಳೆಯುವುದು ನೀರಿನಿಂದ. ಮಂದೆಗೆ ದಾರಿಯಲ್ಲಿ ಎಷ್ಟು ಸಲ ನೀರು ಕುಡಿಸಬೇಕೋ ಅಷ್ಟು ನೀರು ದೂರ. ಆದೋನಿ ಎರಡು ನೀರು, ಮಂತ್ರಾಲಯ ಮೂರು ನೀರು. ಮೈಲಿ, ತಾಸು ಎಲ್ಲ ಕರಣಂ ಮನೆಯ ಮಾತು.

"ವಿಮಾನಕ್ಕ ಎಷ್ಟು ನೀರು, ಸ್ವಾಮಿ?" ಎಂದ.

ವಿಮಾನ ಕುರಿಯಲ್ಲ ಎಂದೆ. ಎಲ್ಲರೂ ನಕ್ಕರು. ಮುದುಕನ ಧ್ವನಿಯಲ್ಲೇ ಅವನ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ ಇನ್ನಷ್ಟು ನಗಿಸಿದೆ. ಅವನು ಬೀಡಿ ಹಚ್ಚಿಕೊಂಡು, ನೀರಿಗೆಂದು ನಿಂತರೆ ಕತ್ತಲಾಗುತ್ತದೆ, ಕತ್ತಲಾದರೆ ಮಲಗಬೇಕಾಗುತ್ತದೆ, ನಿನ್ನ ಒಂಬತ್ತು ತಾಸು ಪುಸ್ತಕದ ಮ್ಯಾಲಿಂದು ಎಂದ. ಬಳ್ಳಾರಿಯ ಡಬ್ಬಿಗಳೂ ಮಲಗಲು ಹೋದ ಮನುಷ್ಯನೂ ನೆನಪಾದರು. ಬಾಯಿ ಬಿಡಲಿಲ್ಲ. ಗೆದ್ದು ಕೂತವನು ಯಾಕೆ ಬಿಡುತ್ತಾನೆ?

ಆ ಬೇಸಿಗೆಯಲ್ಲೇ, ಒಂದು ಬೆಳಿಗ್ಗೆ, ಮುದುಕ ಎದೆ ಹಿಡಿದುಕೊಂಡು ಕುರಿದೊಡ್ಡಿಯ ಬಾಗಿಲಲ್ಲೇ ಕುಸಿದು ಸತ್ತ.

ಆ ಮನೆತನದ್ದೊಂದು ಪದ್ಧತಿಯಿತ್ತು. ಯಜಮಾನ ಸತ್ತರೆ ಅವನ ಕೋಲನ್ನು ಹೆಣದ ಬಲಕ್ಕೆ ಇಡುತ್ತಾರೆ. ಕುಣಿಗೆ ಮೊದಲ ಹಿಡಿ ಮಣ್ಣು ಹಾಕಿದವರು ಆ ಕೋಲು ಎತ್ತಿಕೊಳ್ಳಬೇಕು. ಕೋಲು ಯಾರ ಕೈಯಲ್ಲೋ ಕುರಿ ಅವರ ಹಿಂದೆ. ಕಾಗದವಿಲ್ಲ, ಸಾಕ್ಷಿಯಿಲ್ಲ, ಅಪ್ಪನ ದಫ್ತರದಲ್ಲಿ ಅದಕ್ಕೊಂದು ಕಾಲಂ ಕೂಡ ಇಲ್ಲ. ಆವತ್ತು ಸಂಜೆಯೊಳಗೆ ಮಣ್ಣು ಮಾಡಿದರೆ ಕೋಲು ಕಿರಿಯವನದು. ಕಿರಿಯವನು ಕೆಟ್ಟವನಲ್ಲ. ಆರು ವರ್ಷ ಬಿಸಿಲಲ್ಲಿ ಮಂದೆಯ ಹಿಂದೆ ಅಲೆದವನು ಅವನು. ಅಣ್ಣ ಮನಿಯಾರ್ಡರು ಕಳಿಸಿದವನು. ಆದರೆ ಕಿರಿಯವನ ಹಿಂದೆ ಅವನಿಗೆ ಹೆಣ್ಣುಕೊಟ್ಟ ಮಾವ ನಿಂತಿದ್ದ, ಆಲೂರು ಕಡೆಯ ದಪ್ಪ ಮೀಸೆಯ ಆಸಾಮಿ. ಅರ್ಧ ಮಾತು ತೆಲುಗು, ಅರ್ಧ ಕನ್ನಡ, ಎರಡರಲ್ಲೂ ಬೈಗುಳ. ಕೋಲು ಅಳಿಯನಿಗೆ ಬಂದ ದಿನವೇ ಮಂದೆಯನ್ನು ತನ್ನೂರಿಗೆ ಹೊಡೆದುಕೊಂಡು ಹೋಗುತ್ತೇನೆ ಎಂದು ವರ್ಷದಿಂದ ಹೇಳುತ್ತಿದ್ದ. ಹೋದ ಮಂದೆ ತಿರುಗಿ ಬರುವುದಿಲ್ಲ, ಕರಾಚಿಯಿಂದ ಬಂದ ಮಗನಿಗೆ ಬರಿ ದೊಡ್ಡಿ ತೋರಿಸಬೇಕಾಗುತ್ತದೆ ಎಂಬುದು ಸತ್ತವನ ಹೆಂಡತಿ ಮುದುಕಿಗೆ ಗೊತ್ತಿತ್ತು. ಅವಳು ಹೆಣದ ಪಕ್ಕ ಕೂತು, ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ, ನನ್ನನ್ನು ಕರೆಸಿದಳು.

"ಸಣ್ಣಸ್ವಾಮಿ, ಅವತ್ತು ಒಂಬತ್ತು ತಾಸು ಅಂದಿ. ಖರೇ ಹೌದಿಲ್ಲೋ?"

ಖರೇ ಎಂದೆ. ಹಾಗಾದರೆ ತಾರು ಕೊಟ್ಟು ಬಾ, ದೊಡ್ಡಾವ ಬರೂತನಕ ಮಣ್ಣು ಬೀಳಬಾರದು ಎಂದಳು.

ಎರಡು ಹರದಾರಿ ಓಡಿಕೊಂಡೇ ಹೋದೆ. ಕೋಸಗಿಯ ಪೋಸ್ಟ್ ಮಾಸ್ತರು ಕನ್ನಡಕ ತೆಗೆದು, ಹಾ ಎಂದು ಉಸಿರು ಬಿಟ್ಟು, ತಂತಿಯ ಫಾರಂ ಓದಿದರು. 'ವಿಮಾನದಲ್ಲಿ ಬಾ' ಎಂದು ಬರೆದದ್ದಕ್ಕೆ ಅವರ ಹೊಟ್ಟೆ ಕುಲುಕಿತು. ಟಪಾಲು ವಿಮಾನ ವಾರಕ್ಕೊಂದು, ಈ ವಾರದ್ದು ನಿನ್ನೆಯೇ ಹೋಯಿತು, ಅದರಲ್ಲಿ ಜಾಗ ಇರುವುದು ಪತ್ರಕ್ಕೆ, ಹೇಸರಗತ್ತೆ ಮೇಯಿಸುವವನಿಗಲ್ಲ ಎಂದರು. ತಮ್ಮ ಪೆನ್ಸಿಲಿನಿಂದಲೇ 'ವಿಮಾನದಲ್ಲಿ' ಎಂಬುದನ್ನು ಹೊಡೆದುಹಾಕಿ, ಉಳಿದದ್ದನ್ನು ಕಟಕಟ ಎಂದು ಕಳಿಸಿದರು.

ವಾಪಸು ಬರುವ ದಾರಿಯುದ್ದಕ್ಕೂ ನಿಜ ಹೇಳುವುದನ್ನು ಅಭ್ಯಾಸ ಮಾಡಿದೆ. ಅಪ್ಪನ ಧ್ವನಿಯಲ್ಲಿ ಹೇಳಿ ನೋಡಿದೆ, ಮಾಸ್ತರರ ಧ್ವನಿಯಲ್ಲಿ ಹೇಳಿ ನೋಡಿದೆ. ನನ್ನ ಧ್ವನಿಯಲ್ಲಿ ಮಾತ್ರ ಬರಲಿಲ್ಲ. ಮುದುಕಿ ಹಟ್ಟಿಯ ಬಾಗಿಲಲ್ಲೇ ನಿಂತಿದ್ದಳು. ಯಾವಾಗ ಎಂದಳು. ನಾಳೆ ಮಧ್ಯಾಹ್ನ ಎಂದೆ. ಮುಖದ ಮೇಲೆ ಅಷ್ಟು ಬೇಗ ಜೀವ ಬಂದದ್ದನ್ನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನನಗೆ ಒಳ್ಳೆಯವನೆನಿಸಿಕೊಂಡ ಹಿಗ್ಗು. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಬೇಕೆನಿಸುತ್ತದೆ. ಬಾರಿಸಿಯೂ ನೋಡಿದ್ದೇನೆ, ನಮ್ಮ ಕೈ ನಮಗೆ ಜೋರಾಗಿ ಬೀಳುವುದಿಲ್ಲ.

ನಮ್ಮ ಕಡೆ ಬೇಸಿಗೆಯೆಂದರೆ ಬಂಡೆ ಸಿಡಿಯುವ ಬೇಸಿಗೆ. ಮಾರನೆಯ ದಿನ ಹೊತ್ತು ಏರುವಷ್ಟರಲ್ಲಿ ಹೆಣದ ಹೊಟ್ಟೆ ಉಬ್ಬಿತು. ಬೇವಿನ ಸೊಪ್ಪು ಹಾಸಿದರು, ಮೇಲೆ ಹೊದಿಸಿದರು, ನೀರು ಚಿಮುಕಿಸಿದರು. ನೊಣ ಕರಿ ಕಂಬಳಿಯ ಮೇಲೆ ಇನ್ನೊಂದು ಕರಿ ಕಂಬಳಿಯ ಹಾಗೆ ಕೂತವು. ಹಟ್ಟಿಯ ನಾಯಿಗಳು ದೂರ ಹೋಗುವುದು ಬಿಟ್ಟು ಹತ್ತಿರ ಹತ್ತಿರ ಬರತೊಡಗಿದವು. ಕಿರಿಯವನು ಒಂದಕ್ಕೆ ಕಲ್ಲು ಬೀಸಿ ಬೆನ್ನು ಮುರಿದ. ಅದು ಹಿಂದಿನ ಕಾಲು ಎಳೆದುಕೊಂಡು ಊಳಿಡುತ್ತ ದೊಡ್ಡಿಯನ್ನು ಸುತ್ತಿತು, ಯಾರೂ ಅದನ್ನು ಓಡಿಸಲಿಲ್ಲ. ಆವತ್ತು ಮೊದಲು ಬಿದ್ದ ರಕ್ತ ಅದರದ್ದು.

ಅಷ್ಟರಲ್ಲಿ ಮುದುಕಿಯ ತವರಿನವರು ಪೆದ್ದಹರಿವಾಣಂ ಕಡೆಯಿಂದ ಬಂದರು. ಎಂಟು ಜನ, ಎಂಟು ಬಡಿಗೆ. ದಸರೆಗೆ ಗುಡ್ಡದ ಮೇಲೆ ದೇವರ ಮುಂದೆ ಹೊಡೆದಾಡುತ್ತಾರಲ್ಲ, ಕಬ್ಬಿಣದ ಬಳೆ ಹಾಕಿದ ಅವೇ ಬಡಿಗೆಗಳು. ಆ ಒಂದು ದಿನ ಬಿಟ್ಟು ಬೇರೆ ದಿನ ಅವನ್ನು ಅಟ್ಟದಿಂದ ಇಳಿಸಬಾರದು. ಆ ದಿನ ಬಿದ್ದ ಪೆಟ್ಟಿಗೆ ದೇವರ ಭಂಡಾರದ ಅರಿಸಿನ ಒತ್ತಿಕೊಂಡು ಮನೆಗೆ ಹೋಗುವುದು, ಯಾರ ಮೇಲೂ ಹಗೆಯಿಲ್ಲ, ಪೊಲೀಸು ಇಲ್ಲ. ಬೇರೆ ದಿನ ಇಳಿಸಿದರೆ ಏನಾಗುತ್ತದೆಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಇಳಿಸಿರಲಿಲ್ಲ. ಆಲೂರು ಮಾವ ಅವರನ್ನು ನೋಡಿದ, ಒಳಗೆ ಹೋದ, ಹಟ್ಟಿಯ ಅಟ್ಟದ ಬಡಿಗೆಗಳನ್ನೆಲ್ಲ ಇಳಿಸಿ ತನ್ನ ಜೊತೆ ಬಂದಿದ್ದವರಿಗೆ ಹಂಚಿದ.

ಹೊತ್ತು ನೆತ್ತಿಗೆ ಬಂತು. ಕಿರಿಯವನು ತಾಯಿಯ ಕಾಲ ಬಳಿ ಕೂತು, ಅವ್ವಾ, ಅಪ್ಪನ ಮೈ ಒಡಿಯಾಕ ಹತ್ತೈತಿ, ನನ್ನ ಕೈಲೆ ನೋಡಾಕ ಆಗವಲ್ದು ಎಂದು ಅತ್ತ. ಅವಳು ಆಕಾಶ ನೋಡುತ್ತಿದ್ದಳು. ಅವನೆದ್ದು, ಕಣ್ಣೊರೆಸಿಕೊಂಡು, ಮಾವನ ಕಡೆ ತಲೆಯಾಡಿಸಿದ. ಹೆಣ ಎತ್ತಿದರು. ಕೋಲು ಹೆಣದ ಪಕ್ಕದಲ್ಲೇ ಇತ್ತು. ಕುಣಿ ಹಟ್ಟಿಯ ಹಿಂದೆಯೇ, ನೂರು ಹೆಜ್ಜೆಯಲ್ಲಿ. ತವರಿನ ಎಂಟು ಜನ ಕುಣಿಯ ಮುಂದೆ ಅಡ್ಡ ಸಾಲಾಗಿ ನಿಂತರು.

ನಾನು ಜಾಲಿಮುಳ್ಳಿನ ಪೊದೆಯ ಹಿಂದೆ ಅಡಗಿದ್ದೆ. ಅಲ್ಲಿಂದ ಮನೆಗೆ ಓಡಬಹುದಿತ್ತು. ಆದರೆ ಮುದುಕಿ ಹೆಣದ ಹಿಂದೆ ಬರುತ್ತ ಎರಡು ಹೆಜ್ಜೆಗೊಮ್ಮೆ ನಿಂತು ಕತ್ತೆತ್ತುವುದು ಕಾಣುತ್ತಿತ್ತು. ಸ್ವಲ್ಪ ತಡೆದರೆ ಸಾಕು ಎನಿಸಿತು. ಎಷ್ಟು ಹೊತ್ತು, ಯಾತಕ್ಕಾಗಿ ಎಂದೆಲ್ಲ ಯೋಚಿಸುವ ತಲೆ ನನ್ನದಲ್ಲ. ಎರಡೂ ಅಂಗೈ ಬಾಯಿಗೆ ಹೋದವು. ಮೂಗಿನಲ್ಲಿ ಜೇನುಹುಳ ಹುಟ್ಟಿತು.

ಹೆಣ ಹೊತ್ತವರು ನಿಂತರು. ಗಂಟಲಿಗೆ ಇಳಿಸಿದೆ. ಬಡಿಗೆಗಳು ತಗ್ಗಿದವು. ತುಟಿ ನಡುಗಿಸಿದೆ. ಎಲ್ಲ ಕತ್ತುಗಳೂ ಮೇಲೆದ್ದವು, ಆಲೂರು ಮೀಸೆಯೂ. ಅಂಥ ನಕಲು ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ. ಮುದುಕಿ ಹಣೆಗೆ ಅಂಗೈ ಅಡ್ಡ ಹಿಡಿದು ಬಳ್ಳಾರಿಯ ದಿಕ್ಕಿಗೆ ತಿರುಗಿದಳು. ಬಂದ ಎಂದಳು. ಕೂಗಲಿಲ್ಲ, ಮಲಗಿದ ಕೂಸಿನ ಮುಂದೆ ಹೇಳಿದ ಹಾಗೆ, ಮೆಲ್ಲಗೆ. ನನಗೆ ಆಗ ಗೊತ್ತಾಯಿತು: ಇದನ್ನು ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಅವಳ ಮಗ ಅಲ್ಲಿಂದಲೇ ಬೀಳುತ್ತಾನೆ. ಕಣ್ಣು ಕತ್ತಲಾಗುವವರೆಗೆ ಎಳೆದೆ, ಎಳೆದೆ. ಉಸಿರು ಮುಗಿಯಿತು. ಕೆಮ್ಮು ಬಂತು.

ವಿಮಾನ ಕೆಮ್ಮುವುದಿಲ್ಲ ಎಂಬುದು ಕುರುಬರಿಗೂ ಗೊತ್ತು.

ಪೊದೆ ಸೀಳಿಕೊಂಡು ಬಂದವನು ಕಿರಿಯವನು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ತಾಯಿಯ ಮುಂದೆ ಅತ್ತಾಗಿನದೇ ಹೆದರಿಕೆ. ಬಡಿಗೆಯ ತುದಿಯಿಂದ ನನ್ನ ಬಾಯಿಗೆ ತಿವಿದ. ಹಲ್ಲು ಮುರಿದ ಸದ್ದು ಕಿವಿಗೆ ಹೊರಗಿನಿಂದ ಬರುವುದಿಲ್ಲ, ತಲೆಯ ಒಳಗೇ ಆಗುತ್ತದೆ. ಎರಡನೆಯ ಪೆಟ್ಟು ಪಕ್ಕೆಗೆ. ಮೂರನೆಯದನ್ನು ಎತ್ತಿದಾಗ, ಕರಣಂ ಮಗನನ್ನು ಕೊಲ್ಲುತ್ತಾನೆಂದು ತವರಿನವನೊಬ್ಬ ನಡುವೆ ಬಂದ. ಆ ಪೆಟ್ಟು ಅವನ ಮೊಣಕೈಗೆ ಬಿತ್ತು, ಒಣ ಜೋಳದ ದಂಟು ಮುರಿದ ಹಾಗೆ. ಆಮೇಲೆ ಯಾರು ಯಾರನ್ನು ಎಂಬುದಿಲ್ಲ.

ಹೆಣವನ್ನು ನೆಲಕ್ಕೆ ಬಿಟ್ಟು ಹೊತ್ತವರೂ ನುಗ್ಗಿದರು. ಕಬ್ಬಿಣದ ಬಳೆ ತಲೆಗೆ ಬಿದ್ದರೆ ಮೊದಲು ಬಿಳಿ ಗೆರೆ ಮೂಡುತ್ತದೆ, ಎರಡು ಕ್ಷಣ ಬಿಟ್ಟು ಕೆಂಪು ತುಂಬುತ್ತದೆ. ಅಂಥ ಗೆರೆಗಳನ್ನು ನೆಲದಲ್ಲಿ ಬಿದ್ದುಕೊಂಡೇ ನೋಡಿದೆ. ಒಬ್ಬ ಕಿವಿ ಹಿಡಿದುಕೊಂಡು ಕೂತ. ಕೈ ತೆಗೆದಾಗ ಕಿವಿಯ ಅರ್ಧ ಕೈಯಲ್ಲೇ ಉಳಿಯಿತು. ಆಲೂರು ಮಾವ ಒಬ್ಬನ ಕೂದಲು ಹಿಡಿದು ಮುಖವನ್ನು ಕಲ್ಲಿಗೆ ಉಜ್ಜುತ್ತ ತೆಲುಗಿನಲ್ಲಿ ಅವನ ತಾಯಿಯನ್ನೂ ಕನ್ನಡದಲ್ಲಿ ಅವನ ಅಜ್ಜಿಯನ್ನೂ ಬೈಯುತ್ತಿದ್ದ. ಇಬ್ಬರು ತಬ್ಬಿಕೊಂಡೇ ಕುಣಿಯೊಳಗೆ ಬಿದ್ದು ಅಲ್ಲಿಯೂ ಕಚ್ಚಾಡಿದರು. ಕುರಿಗಳು ದೊಡ್ಡಿಯ ಬೇಲಿ ಮುರಿದು ಹೊರಬಿದ್ದು, ಎಲ್ಲಿ ಹೋಗಬೇಕು ತಿಳಿಯದೆ, ಹೊಡೆದಾಡುವವರ ಕಾಲ ನಡುವೆಯೇ ನುಗ್ಗಿದವು. ಒಂದು ಮರಿ ಯಾರದೋ ಪೆಟ್ಟಿಗೆ ಸಿಕ್ಕಿ ಸದ್ದಿಲ್ಲದೆ ಮಲಗಿತು. ಯಜಮಾನ ತನ್ನ ಪಾಡಿಗೆ ಕಂಬಳಿಯಲ್ಲಿ ಓರೆಯಾಗಿ ಬಿದ್ದಿದ್ದ. ಈ ಗದ್ದಲದಲ್ಲಿ ಅವನೊಬ್ಬನೇ ನೆಮ್ಮದಿಯ ಮನುಷ್ಯ.

ಇದರ ಬಗ್ಗೆ ಕೇಸಾಗಲಿಲ್ಲ. ಎಲ್ಲರೂ ದಸರೆಯ ಹಾಗೆಯೇ ಗಾಯಕ್ಕೆ ಭಂಡಾರ ಒತ್ತಿಕೊಂಡರು. ಮೇಲಿನವರು ಕೇಳಿದಾಗ ಅಪ್ಪ, ಎತ್ತೊಂದು ಹುಚ್ಚೆದ್ದು ಹಾಯ್ದು ಏಳು ಜನರಿಗೆ ಗಾಯ ಎಂದು ಬರೆದರು. ಆ ಎತ್ತು ಯಾವುದೆಂದು ತೋರಿಸಲು ಮನೆಯಲ್ಲಿ ನನ್ನ ಕಡೆ ಬೆರಳು ಮಾಡಿ, ಬಾರುಕೋಲು ತೆಗೆದುಕೊಂಡು, ಉಳಿದ ಪಕ್ಕೆಯನ್ನೂ ಸರಿಮಾಡಿದರು. ಹಿರಿಯ ಮಗ ಬಂದದ್ದು ಆರನೆಯ ದಿನ, ರೈಲಿನಲ್ಲಿ, ಕೋಸಗಿಯಿಂದ ನಡೆದುಕೊಂಡು. ರಜೆ ಹತ್ತೇ ದಿನ. ಅವನಿಗೆ ತೋರಿಸಲು ಮಂದೆ ಇತ್ತು, ಒಂದು ಮರಿ ಕಡಿಮೆ. ಅದು ಉಳಿದದ್ದು ಹೇಗೆಂದರೆ ಹೀಗೆ.

ಕುಣಿಯ ಸುತ್ತ ಇನ್ನೂ ಏಳೆಂಟು ಜನ ನಿಂತೇ ಬಡಿದಾಡುತ್ತಿದ್ದಾಗ ಮುದುಕಿ ಆಕಾಶದಿಂದ ಕಣ್ಣು ಕಿತ್ತಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಡುವೆ ಹಾದುಹೋದಳು. ಒಂದು ಪೆಟ್ಟು ಅವಳ ಹೆಗಲಿಗೂ ಬಿತ್ತು. ಹೊಡೆದವನೇ ಬಡಿಗೆ ಬಿಸಾಡಿ ಹಿಂದೆ ಸರಿದ. ಕುಣಿಯಲ್ಲಿದ್ದ ಇಬ್ಬರನ್ನೂ ಜುಟ್ಟು ಹಿಡಿದು ಎಬ್ಬಿಸಿ, ಮೇಲೆ ಹತ್ತಿರಿ ಎಂದಳು. ಹತ್ತಿದರು. ಹೆಣ ಇಳಿಸಿರಿ ಎಂದಳು. ರಕ್ತ ಸೋರುವ ಕೈಗಳೇ ಹಿಡಿದು ಇಳಿಸಿದವು, ಎರಡೂ ಕಡೆಯವು. ಕಿರಿಯವನು ಪದ್ಧತಿಯ ಹಾಗೆ ಬಗ್ಗಿ ಮಣ್ಣಿಗೆ ಕೈ ಹಾಕಿದ. ಅವಳು ಅವನ ಮಣಿಕಟ್ಟು ಹಿಡಿದಳು, ಸಿಟ್ಟಿನಿಂದಲ್ಲ, ಬಿಸಿ ಪಾತ್ರೆ ಮುಟ್ಟಲು ಹೋದ ಕೂಸಿನ ಕೈ ಹಿಡಿದ ಹಾಗೆ. ತಾನೇ ಒಂದು ಹಿಡಿ ಮಣ್ಣು ತೆಗೆದು ಗಂಡನ ಮೇಲೆ ಹಾಕಿದಳು. ಹಾಕಿ, ಕೋಲು ಎತ್ತಿಕೊಂಡಳು.

ಅಲ್ಲಿದ್ದ ಯಾರೂ ಅಂಥದ್ದು ಕಂಡಿರಲಿಲ್ಲ. ಆದರೆ ಮೊದಲ ಮಣ್ಣು ಗಂಡಸೇ ಹಾಕಬೇಕೆಂದು ಆ ಮನೆತನದಲ್ಲಿ ಯಾರೂ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ, ಯಾಕೆಂದರೆ ಹೇಳುವ ಪ್ರಸಂಗ ಬಂದಿರಲಿಲ್ಲ. ಕುರಿಗಳಿಗಂತೂ ಆ ವಿಚಾರವೇ ಇರಲಿಲ್ಲ. ಅವಳು ಕೋಲು ನೆಲಕ್ಕೆ ಕುಟ್ಟಿ ನಾಲಿಗೆಯಲ್ಲಿ ಟ್ರೂ ಟ್ರೂ ಎಂದದ್ದೇ, ಚದುರಿದ್ದ ಮಂದೆ ತಲೆ ತಗ್ಗಿಸಿ ಅವಳ ಹಿಂದೆ ಬಂದು ನಿಂತಿತು. ನಾನು ಮುರಿದ ಹಲ್ಲು ಅಂಗೈಯಲ್ಲಿ ಹಿಡಿದುಕೊಂಡು ಎದ್ದು ಕೂತೆ. ನನ್ನ ಕಡೆ ಅವಳು ಒಮ್ಮೆ ನೋಡಿ, ಕುರಿಗಳ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಆಲೂರು ಮಾವ ಒಡೆದ ಹುಬ್ಬಿನಿಂದ ಕಣ್ಣಿಗಿಳಿದ ರಕ್ತವನ್ನು ಮೀಸೆಯವರೆಗೂ ಒರೆಸಿಕೊಂಡು, ಕುಣಿಯ ಆ ಕಡೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಕೇಳಿದ: "ಎಷ್ಟು ದಿನ ಹಿಡೀತೀಯಮ್ಮಾ ನೀನು ಆ ಕೋಲು?"

ಮುದುಕಿ ತಿರುಗಿ ನೋಡದೆಯೇ ಹೇಳಿದಳು: "ಸಣ್ಣಸ್ವಾಮಿ ವಿಮಾನ ಬರೂತನಕ."